ಖಾಲಿ ತೂಕ

ಈ ವಾರ ಶುರುವಾದದ್ದೇ ಮಂಗಳವಾರ.
ಸೋಮವಾರ ಎಲ್ಲಿ ಹೋಯಿತೆಂದು ಕೇಳಬೇಡಿ.
ಗ್ಲಾಸ್ಗೋದಿಂದ ಬಂದ ಕೊನೆಯ ಬಸ್ಸಿನ
ಹಿಂದಿನ ಸೀಟಿನಲ್ಲಿ, ಒದ್ದೆ ಮಫ್ಲರಿನ ಜೊತೆ
ಅದನ್ನೂ ಬಿಟ್ಟು ಇಳಿದಿರಬೇಕು.

ಡಂಡೀಯಲ್ಲಿ ಮಾರ್ಚಿನ ಬೆಳಕು
ಹೊಸದಾಗಿ ಕೆಲಸಕ್ಕೆ ಸೇರಿದ ಗುಮಾಸ್ತನ ಹಾಗೆ:
ಬರುತ್ತದೆ, ಕೂರುತ್ತದೆ, ಏನೂ ತೋಚದೆ
ನಾಲ್ಕು ಕಡತ ಅತ್ತಿತ್ತ ಸರಿಸಿ ಎದ್ದು ಹೋಗುತ್ತದೆ.
ಹಾಸ್ಟೆಲಿನ ಅಡುಗೆಮನೆಯ ಕಿಟಕಿಯಲ್ಲಿ ಟೇ ನದಿ,
ನದಿಯ ಮೇಲೆ ರೈಲು ಸೇತುವೆ,
ಪಕ್ಕದಲ್ಲೇ, ನೀರಿನಿಂದ ಅಷ್ಟಷ್ಟೇ ತಲೆಯೆತ್ತಿ,
ಬಿದ್ದುಹೋದ ಹಳೆಯ ಸೇತುವೆಯ ಕಂಬದ ಬುಡಗಳು.
ಕಿತ್ತ ಹಲ್ಲಿನ ಜಾಗವನ್ನು ನಾಲಿಗೆ ಹುಡುಕುವ ಹಾಗೆ
ಕಣ್ಣು ದಿನಾ ಅಲ್ಲಿಗೇ ಹೋಗುತ್ತದೆ.

ನನ್ನ ಅಸೈನ್‌ಮೆಂಟೂ ಅದೇ: ಅದು ಯಾಕೆ ಬಿತ್ತು?
ಮೂರು ಸಾವಿರ ಪದ. ಶುಕ್ರವಾರ, ಮಧ್ಯಾಹ್ನ ಹನ್ನೆರಡು.
'ಗಾಳಿಗೆ ಲೆಕ್ಕವನ್ನೇ ಇಟ್ಟಿರಲಿಲ್ಲ'
ಎಂದು ಬರೆದು, ಅಡಿಗೆರೆ ಎಳೆದು,
ಏನೋ ದೊಡ್ಡದು ಮುಗಿಸಿದವಳಂತೆ ಚಹಾಕ್ಕಿಟ್ಟೆ.

ಬುಧವಾರ ರಾತ್ರಿ ಎರಡಕ್ಕೆ ಯೆವಾಂಡೆ ಬಾಗಿಲು ತಟ್ಟಿದಳು.
ಲಾಗೋಸಿನಲ್ಲಿ ಅವಳಕ್ಕನ ಮದುವೆ.
ಮನೆಮಂದಿಗೆಲ್ಲ ಒಂದೇ ಥಾನಿನ ಬಟ್ಟೆ;
ಅವಳ ಪಾಲಿನ ತುಂಡು ಅಂಚೆಯಲ್ಲಿ ಇಲ್ಲಿಗೆ ಬಂದಿದೆ,
ಅಲ್ಲಿಗೆ ಹೋಗಲು ಅವಳಲ್ಲಿ ದುಡ್ಡಿಲ್ಲ.
ಅತ್ತಳೆಂದು ಹೇಳುವಂತಿಲ್ಲ.
ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.
ನೂಡಲ್ಸು ಕುದಿಸಿ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿ ಕೊಟ್ಟೆ.
ಒಂದು ತುತ್ತಿಗೆ ಕಣ್ಣರಳಿಸಿ, 'ಇದು ನಮ್ಮ ಸುಯಾ ಪುಡಿ!
ಯಾವಾಗ ಕದ್ದಿರಿ ನೀವು?' ಎಂದಳು.
ಕದ್ದವರು ಯಾರೆಂಬ ವ್ಯಾಜ್ಯ ನಾಲ್ಕು ಗಂಟೆಯವರೆಗೆ ನಡೆದು
ತೀರ್ಪು ಕಾಯ್ದಿರಿಸಲಾಯಿತು.
ಪದಗಳು ಮಾತ್ರ ಸಾವಿರದ ನೂರಾ ನಲವತ್ತರಲ್ಲೇ
ಕೈಕಟ್ಟಿ ನಿಂತಿದ್ದವು.

ಒಂಬತ್ತರ ಕ್ಲಾಸಿಗೆ ಓಡುತ್ತಿದ್ದಾಗ ಅಮ್ಮನ ಫೋನು.
ದಾವಣಗೆರೆ ಎಪಿಎಂಸಿ ಯಾರ್ಡಿನ ವೇಬ್ರಿಡ್ಜಿನಲ್ಲಿ
ಇಪ್ಪತ್ತೆರಡು ವರ್ಷದಿಂದ ಚೀಟಿ ಬರೆಯುವವಳು ಅಮ್ಮ.
ಉಂಡೆಯಾ ಎಂದು ಕೇಳುವುದಿಲ್ಲ. 'ಲೋಡೆಷ್ಟು ಈ ವಾರ?'
ಏದುಸಿರಲ್ಲೇ ಒಪ್ಪಿಸಿದೆ:
ಅಸೈನ್‌ಮೆಂಟು, ಲ್ಯಾಬು, ಯೆವಾಂಡೆ, ಮುರ್ಡೋ,
ಆ ಮುರ್ಡೋ ಅಗ್ಗಕ್ಕೆ ಸಿಕ್ಕಿತೆಂದು
ಶುಕ್ರವಾರ ಹನ್ನೊಂದೂ ನಲವತ್ತರ ರೈಲಿಗೇ
ಮೂವರಿಗೂ ಟಿಕೆಟ್ ತೆಗೆದದ್ದು.
ಆಚೆಯಿಂದ ಲಾರಿಯ ಹಾರನ್ನು. 'ಇನ್ನೊಂದಿಷ್ಟು ಮುಂದೆ...
ಸಾಕು, ನಿಲ್ಸಪ್ಪ!' ಅದು ನನಗಲ್ಲ.
ನನಗೆ ಹೇಳಿದ್ದು ಇಷ್ಟೇ:
'ತುಂಬಿದ ಲಾರಿ ಒಂದೇ ತೂಗಿದ್ರೆ ಲೆಕ್ಕ ಹೆಂಗೆ ಸಿಗುತ್ತೆ?
ಖಾಲಿ ಆದ್ಮೇಲೂ ಒಂದ್ಸಲ ಹತ್ತಿಸ್ಬೇಕು, ಹುಡುಗಿ.'

ಶುಕ್ರವಾರದ ರೈಲು ಸೇತುವೆಯ ಮೇಲೆ
ಎಮ್ಮೆ ನೀರಿಗಿಳಿದ ಹಾಗೆ ನಿಧಾನಿಸಿತು.
ತೊಡೆಯ ಮೇಲೆ ಲ್ಯಾಪ್‌ಟಾಪು, ಸಿಗ್ನಲ್ಲು ಒಂದೇ ಕಡ್ಡಿ,
ಅಪ್‌ಲೋಡಿನ ಚಕ್ರ ಸುತ್ತುತ್ತಲೇ ಇದೆ.
ಕಿಟಕಿಯಾಚೆ ಒಂದೊಂದೇ ಬುಡ ಹಿಂದೆ ಸರಿಯುತ್ತಿದೆ:
ನಾನು ಯಾರ ಸಾವಿಗೆ ಕಾರಣ ಬರೆದೆನೋ
ಅವರ ತಲೆಯ ಮೇಲೆಯೇ ದಾಟುತ್ತ
ಅಂಕಕ್ಕಾಗಿ ಪ್ರಾರ್ಥಿಸುತ್ತಿದ್ದೇನೆ.
ಮುರ್ಡೋ ಬಿಸ್ಕತ್ತು ಕಡಿಯುವುದನ್ನೂ ನಿಲ್ಲಿಸಿದ.
ಯೆವಾಂಡೆ ನನ್ನ ಭುಜದ ಮೇಲೆ ಗೊರಕೆ.
ಹನ್ನೊಂದೂ ಐವತ್ತಕ್ಕೆ ಹಸಿರು ಗುರುತು ಬಂತು.
ಪುಸ್ತಕದಲ್ಲಿ ಇಂಥದ್ದಕ್ಕೆ ಲೈವ್ ಲೋಡ್ ಎನ್ನುತ್ತಾರೆ:
ಉಸಿರಾಡುವ, ಜಾಗ ಬದಲಿಸುವ, ಇಳಿದುಹೋಗುವ ಭಾರ.
ಭುಜ ಜೋಮು ಹಿಡಿದಿತ್ತು. ಅಲುಗಾಡಿಸಲಿಲ್ಲ.

ಕ್ರೇಲ್ ಎಂಬ ಊರಿನ ಪುಟ್ಟ ಬಂದರು.
ಕೋಟಿನ ಮೇಲೆ, ಹೊಲಿಯದ ಆ ಮದುವೆಯ ಬಟ್ಟೆಯನ್ನು
ಸುತ್ತಿಕೊಂಡು ನಿಂತಳು ಯೆವಾಂಡೆ, ಅಕ್ಕನಿಗೆ ಫೋಟೋ ಕಳಿಸಲು.
ಗಾಳಿ ಬಂತು ನೋಡಿ.
ಒಂದು ತುದಿ ಮುರ್ಡೋನ ಕೈಯಲ್ಲಿ,
ಇನ್ನೊಂದು ಸೀಗಡಿ ಬುಟ್ಟಿಗಳ ಮೇಲೆ, ನಡುವೆ ಅವಳ ನಗು.
ಯಾವ ಫೋಟೋದಲ್ಲೂ ಮುಖ ಬೀಳಲಿಲ್ಲ.

ನಾನು ಕಟ್ಟೆಯ ಮೇಲೆ ಕೂತೆ.
ಕೈಯಲ್ಲಿ ಏನೂ ಇರಲಿಲ್ಲ,
ತಲೆಯಲ್ಲೂ.
ಎಷ್ಟು ತೂಗಿದೆನೋ ಆಗ,
ಚೀಟಿ ಬರೆಯುವವರು ಯಾರೂ ಇರಲಿಲ್ಲ.