ಏಳಕ್ಕೆ ಬೀಳುವ ಮುನ್ನ

ಮೊನ್ನೆಯವರೆಗೂ ಬಾವಿಗೆ ಇಣುಕುವವಳ ಹಾಗೆ
ಸೊಂಟದ ತನಕ ಬಗ್ಗಿ
ಮಣ್ಣೊಲೆಯ ಗೋಡೆಗೆ ರೊಟ್ಟಿ ಬಡಿಯುತ್ತಿದ್ದೆ.
ಇಂದು ಹೊಟ್ಟೆ ಅಂಚಿಗೆ ತಾಗಿತು.
‘ಸರಿ ಅತ್ತ, ಏತೇರಿ,’ ಎಂದು ಮುದುಕ ವಾಝಾ
ಕೊಕ್ಕೆಗೋಲು ಕಸಿದುಕೊಂಡ.
ನನ್ನ ಪಾಲಿಗಿನ್ನು ತಕ್ಕಡಿ, ಚಿಲ್ಲರೆ.

ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ.
ಹೊಕ್ಕುಳ ಕೆಳಗೆ ಕಪ್ಪು ಗೆರೆ,
ಯಾರೋ ಇದ್ದಿಲಲ್ಲಿ ಎಳೆದ ಹಾಗೆ.
ಸೂಲಗಿತ್ತಿ ತ್ಸಿಯಾಲಾ ಹೇಳಿದಳು:
ಇನ್ನು ಕೆಲವೇ ದಿನ, ಕಣ್ಣು ಬಿಡುತ್ತದೆ, ಒಳಗೇ.
ಏನು ನೋಡೀತು?
ಅವಳು ಚಹಾ ಆರಿಸುತ್ತ ನಕ್ಕಳು.

ಟಿಬಿಲಿಸಿಯಲ್ಲಿ ಇನ್ನೂ ನಸುಕು.
ಮೊದಲ ಗಿರಾಕಿ ಕಿಟಕಿಗೆ ಬಂದು ಕೂಗಿದಳು:
ಎರಡು, ಬಿಸಿಯದೇ!
ದನಿಗೆ ಒಳಗೊಂದು ಬೆಚ್ಚಿತು,
ಆಮೇಲೆ ಬಿಕ್ಕಳಿಕೆ,
ತಕ್ಕಡಿಯ ಮುಳ್ಳಿನಷ್ಟೇ ಸಣ್ಣಗೆ, ಬಿಡದೆ.
ತಪ್ಪು ಚಿಲ್ಲರೆ ಕೊಟ್ಟೆ.
ಅವಳು ಎಣಿಸಲಿಲ್ಲ.