ಪುಟ ನೂರಾ ಹನ್ನೆರಡು

ಮಂಡಿಪೇಟೆಯ ಆ ಮಹಡಿಯಲ್ಲಿ
ಒಂದೇ ಮೇಜಿಗೆ ನಾವು ಎದುರಾಬದುರು.
ನಾನು ಓದುವವಳು, ಶಾಹೀನಾ ನೋಡುವವಳು.
ಹಸ್ತಪ್ರತಿ ನನ್ನ ಕೈಯಲ್ಲಿ, ಕರಡಚ್ಚು ಅವಳ ಮುಂದೆ,
ಹತ್ತನೇ ಕ್ಲಾಸಿನ ಗೈಡು, ವಿಜ್ಞಾನ, ಭಾಗ ಎರಡು.
ಕಾಮಾ ಅಂದರೆ ಅವಳ ಪೆನ್ಸಿಲ್ಲು ಒಮ್ಮೆ ಕುಟ್ಟುತ್ತಿತ್ತು,
ಪೂರ್ಣವಿರಾಮಕ್ಕೆ ಎರಡು ಸಲ.
ತಪ್ಪು ಸಿಕ್ಕರೆ ಮಾತಿಲ್ಲ,
ಹುಬ್ಬು ಏರುತ್ತಿತ್ತು.
ಹನ್ನೊಂದು ವರ್ಷ ಆ ಹುಬ್ಬು ನೋಡಿಕೊಂಡೇ
ಸಾಲು ನಿಲ್ಲಿಸುವುದು ಕಲಿತವಳು ನಾನು.

ಬಾಡಿಗೆಯಾದರೂ ಉಳಿಯಲಿ ಎಂದರು ಉಮಾಪತಯ್ಯ.
"ಮನ್ಯಾಗೇ ಮಾಡ್ರಿ, ಫೋನ್ ಐತಲ್ಲ.
ಸಂಜಿ ಆರಕ್ಕ ಎಷ್ಟು ಪುಟ ಆತು ಅಂತ ಹೇಳಿದ್ರ ಸಾಕು."
ಗುಜರಿಯವನು ಬಂದು ಮೇಜಿನ ಕಾಲು ಬಿಚ್ಚಿದ.
ಬೋರಲು ಮಲಗಿಸಿದಾಗ ಕೆಳಬದಿಯ ತುಂಬ
ಯಾರೋ ಅಂಟಿಸಿಟ್ಟ ಚೂಯಿಂಗ್ ಗಮ್ಮು.
ಕೊಟ್ರೇಶ ಕಿಟಕಿಯ ಕಡೆ ತಿರುಗಿ ನಿಂತ.

ಮೊದಲ ವಾರದ್ದು ಕೇಳಬೇಡಿ.
ನಿಟ್ಟುವಳ್ಳಿಯ ನನ್ನ ಅಡುಗೆಮನೆಯಲ್ಲಿ
ಜೋಳದ ಹಿಟ್ಟಿನ ಡಬ್ಬದ ಮೇಲೆ ಹಸ್ತಪ್ರತಿ;
ಪುಟ ತಿರುವಿದರೆ ಬೆರಳು ಬೆಳ್ಳಗೆ.
ಬಾಷಾ ನಗರದ ಅವಳ ಮನೆಯ ಹಿಂದೆ ಮಂಡಕ್ಕಿ ಭಟ್ಟಿ.
ನಾನು "ಪ್ರತಿಫಲನ" ಅನ್ನುವುದಕ್ಕೂ
ಅಲ್ಲಿ ಜರಡಿ ಝರ್ ಅನ್ನುವುದಕ್ಕೂ ಸರಿಹೋಗುತ್ತಿತ್ತು.
ಚಿತ್ರ ಬರೆಯುವ ಕೊಟ್ರೇಶನಿಗೆ
ಸಿಗ್ನಲ್ಲು ಸಿಗುವುದು ತಾರಸಿಯ ನೀರಿನ ಟ್ಯಾಂಕಿನ ಪಕ್ಕ ಮಾತ್ರ.
ಕಿರಣ ಬಾಗುವ ಚಿತ್ರ ಬರೆಯುತ್ತ
ಬಿಸಿಲಲ್ಲಿ ತಾನೇ ಬಾಗಿ ಕೂತಿರುತ್ತಿದ್ದ.
ದಿನಕ್ಕೆ ನಲವತ್ತು ಪುಟ ಓಡುತ್ತಿದ್ದವರು
ಹದಿನಾಲ್ಕಕ್ಕೆ ಬಂದು ತೆವಳಿದೆವು.
ಉಮಾಪತಯ್ಯ ಬೈಯಲಿಲ್ಲ. "ಹ್ಞೂಂ" ಎಂದರು.
ಬೈದಿದ್ದರೆ ಚೆನ್ನಾಗಿತ್ತು.

"ವಿಡಿಯೋ ಬೇಡ ಅಕ್ಕಾ, ನೆಟ್ಟು ಖಾಲಿ ಆಗ್ತದೆ."
ಹುಬ್ಬಿಲ್ಲದೆ ಓದುವುದು ಹೇಗೆ?
ಪ್ರತಿ ಸಾಲಿಗೂ "ಕೇಳ್ತಾ?" "ಕೇಳ್ತಾ?"
ಹಗಲಿಡೀ ಬಾವಿಗೆ ಕೂಗಿದ ಹಾಗೆ.
ಒಂಬತ್ತನೆಯ ದಿನ ಅವಳೇ ರೇಗಿದಳು:
"ಕುಟ್ತಾನೇ ಇದ್ದೀನಲ್ಲ ಅಕ್ಕಾ ಪೆನ್ಸಿಲ್, ಕಿವಿ ಎಲ್ಲಿದೆ ನಿಮ್ದು?"
ಎಲ್ಲಿ ಕುಟ್ಟುತ್ತಿದ್ದೀಯೆ, ಕೇಳಿದೆ.
ಆ ಕಡೆ ಸ್ವಲ್ಪ ಹೊತ್ತು ಜರಡಿಯ ಸದ್ದು.
ಆಮೇಲೆ ಮೆಲ್ಲಗೆ,
"ಹಾಸಿಗೆ ಮೇಲೆ."

ಮಾರನೆಯ ದಿನ ಸ್ಟೀಲಿನ ತಟ್ಟೆ ಬೋರಲು ಹಾಕಿಕೊಂಡು ಕೂತಳು.
ಟಣ್. ಕಾಮಾ.
ಟಣ್ ಟಣ್. ಮುಂದಕ್ಕೆ.
ತಪ್ಪು ಸಿಕ್ಕರೆ ಅಂಚನ್ನು ಕರ್ರ್ ಎಂದು ಗೀರುವಳು,
ನನ್ನ ಹಲ್ಲು ಜುಮ್ಮೆನ್ನುವ ಹಾಗೆ,
ಹುಬ್ಬಿಗಿಂತ ಒಂದು ಕೈ ಮೇಲೆ.
ಇಪ್ಪತ್ತಾರು ಪುಟ. ಮೂವತ್ತೊಂದು. ಒಂದು ಗುರುವಾರ ನಲವತ್ಮೂರು.
ನಾಲ್ಕಕ್ಕೆ ಮೂವರೂ ಮೂರು ಮನೆಗಳಲ್ಲಿ
ಫೋನು ಇಡದೆ ಮಂಡಕ್ಕಿ ಮೆಣಸಿನಕಾಯಿ ತಿಂದೆವು.
ಕೊಟ್ರೇಶ ಅಗಿಯುವ ಸದ್ದು ಇಷ್ಟು ದೊಡ್ಡದೆಂದು
ಅಷ್ಟು ವರ್ಷ ಪಕ್ಕದಲ್ಲಿ ಕೂತೂ ಗೊತ್ತಿರಲಿಲ್ಲ.

ಈಗ ಗೈಡು ಅಚ್ಚಾಗಿ ಬಂದಿದೆ, ಮೂರು ಸಾವಿರ ಪ್ರತಿ.
ಪುಟ ನೂರಾ ಹನ್ನೆರಡು, ಕುದಿಯುವ ಬಿಂದು.
ಅಂದು ಬಿಟ್ಟುಹೋದ ಸಾಲೊಂದನ್ನು ನಾನು ಹೇಳುತ್ತಿದ್ದೆ,
ಅವಳು ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದಳು,
ನಡುವೆ ತಲೆ ತಿರುಗಿಸಿ ನಾದಿನಿಗೆ ಏನೋ ಕೂಗಿದ್ದೆ.
ನೋಡಿ, ಹೇಗೆ ಕೂತಿದೆ:

"ಈ ತಾಪದಲ್ಲಿ ದ್ರವವು ಆವಿಯಾಗತೊಡಗುತ್ತದೆ.
ಹಾಲು ಉಕ್ಕಿತು, ಸಣ್ಣ ಮಾಡು."

ಉಮಾಪತಯ್ಯನವರ ಕಣ್ಣಿಗೆ ಇನ್ನೂ ಬಿದ್ದಿಲ್ಲ.
ಹರಿಹರದಲ್ಲೋ ಜಗಳೂರಿನಲ್ಲೋ ಯಾವುದೋ ಹುಡುಗಿ
ಇದನ್ನೂ ಉರು ಹೊಡೆದು ಪರೀಕ್ಷೆಯಲ್ಲಿ ಬರೆದಾಳು.
ಶಾಹೀನಾಳಿಗೆ ಫೋನು ಮಾಡಿ ಓದಿದೆ, ಎರಡು ಸಲ.
ನಗುತ್ತಾಳೆ, ಇಲ್ಲ ಅಳುತ್ತಾಳೆ ಅಂದುಕೊಂಡಿದ್ದೆ.
ತಟ್ಟೆ ಎಳೆದುಕೊಂಡ ಸದ್ದು.
"ಕಾಮಾ ಸರಿಯಾಗಿದೆ ಅಕ್ಕಾ," ಎಂದಳು,
"ಮುಂದಿನ ಸಾಲು ಓದಿ."