ಏಳೂವರೆ ಅಡಿ

ದೋಣಿ ಹೊರಲೆಂದು ಅಪ್ಪ ಬೆಸುಗೆ ಹಾಕಿದ ಕ್ಯಾರಿಯರು
ಈಗ ನನ್ನನ್ನು ಹೊರುತ್ತದೆ.
ವ್ಯಾನಿನ ನೆತ್ತಿಯ ಮೇಲೊಂದು ಪ್ಲೈವುಡ್ ಹಲಗೆ,
ಮೂಲೆಗೊಂದರಂತೆ ಹಗ್ಗ,
ಜಾರದಿರಲಿ ಅಂತ ಬಚ್ಚಲಿನ ರಬ್ಬರ್ ಚಾಪೆ.
ನೆಲದಿಂದ ಏಳೂವರೆ ಅಡಿ.
ಅಳೆದದ್ದು ಅಪ್ಪನೇ, ಕುರ್ಚಿಯಲ್ಲಿ ಕೂತೇ,
ಟೇಪಿನ ಆ ತುದಿ ನನ್ನ ಕೈಗೆ ಕೊಟ್ಟು.

ಮರದ ಮೇಲಿನ ಅಟ್ಟಣೆಯಾದರೆ ಹದಿನೆಂಟು.
ಅಂಗಳದಾಚೆಯ ಆ ಮೇಪಲ್ ಮರದಿಂದಲೇ ಅವನು ಬಿದ್ದದ್ದು,
ಆಚೆ ವರ್ಷದ ನವೆಂಬರಿನಲ್ಲಿ.
ಬಿಲ್ಲು ಮೇಲೇ ಕೊಂಬೆಗೆ ನೇತಾಡುತ್ತಿತ್ತಂತೆ,
ಸೊಂಟದ ಮೂಳೆ ಮಾತ್ರ ಕೆಳಗೆ ಬಂತಂತೆ.
ಮಾತು ಅವನದೇ. ಹೇಳಿ ನಗುತ್ತಾನೆ.
ಆ ಕಡೆಯ ಕಿಟಕಿಗೆ ಪರದೆ ಎಳೆದವನೂ ಅವನೇ.

ನನಗೆ ನಲವತ್ತೊಂದು.
ರಾತ್ರಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಬಟ್ಟೆ ಮಡಚುತ್ತೇನೆ,
ಸಂಜೆ ಒಂದು ಗಂಟೆ ಹೆದೆ ಎಳೆಯುತ್ತೇನೆ.
ಚಳಿಗಾಲದ ಮಾಂಸ ಅಂಗಡಿಯಿಂದ ತಂದರೆ
ಏನಾರ್ ಲಾಮ್ಸಾನ ಮಾನ ಹೋಗುತ್ತದೆ.

"ತೋಳು ಇಳಿಸಬೇಡ ಸೈಮಿ, ಸೊಂಟ ಬಾಗಿಸು.
ಮೇಲಿಂದ ಬಿಟ್ಟ ಬಾಣ ಮೇಲೇ ಬೀಳುತ್ತೆ,
ನೆಲದ ಲೆಕ್ಕ ಅಲ್ಲಿ ನಡೆಯೋದಿಲ್ಲ."
ಒಂದು ಕಿವಿ ಕಿತ್ತ ಫೋಮಿನ ಜಿಂಕೆ
ಸೇಬಿನ ಗಿಡದ ಬುಡದಲ್ಲಿ ನಿಂತು ಕೇಳಿಸಿಕೊಳ್ಳುತ್ತದೆ.
ನನ್ನ ಬೆನ್ನಿಗೆ ಪಟ್ಟಿ, ಪಟ್ಟಿಯ ಕೊಕ್ಕೆ ಕ್ಯಾರಿಯರಿಗೆ.
"ಬಿದ್ದರೆ ಹಗ್ಗ ಬಿಗಿಯೋದಕ್ಕೆ ಮೊದಲೇ ನೆಲ ಸಿಗುತ್ತಲ್ಲ"
ಅಂದ ಪಕ್ಕದ ಮನೆಯ ಗೋರ್ಡಿ.
ಅಪ್ಪ ಅವನೊಡನೆ ಎರಡು ವಾರ ಮಾತು ಬಿಟ್ಟ.

ಮೊನ್ನೆ ಲಾಂಡ್ರಿಯ ಯಂತ್ರ ಕೆಟ್ಟು
ಬೆಳಗಾಗುವ ಮೊದಲೇ ಮನೆಗೆ ಬಂದೆ.
ಕುರ್ಚಿ ಖಾಲಿ. ಊರುಗೋಲು ವ್ಯಾನಿನ ಗಾಲಿಗೆ ಒರಗಿದೆ.
ಏಣಿ ಹುಲ್ಲಿನಲ್ಲಿ ಮಲಗಿದೆ.
ಅಟ್ಟಕ್ಕೆ ಹತ್ತಿಸಿ ಏಣಿ ತೆಗೆಯುವುದು ಅಂದರೆ ಇದೇ;
ತೆಗೆದದ್ದು ಮಾತ್ರ ಗಾಳಿ, ಸರೋವರದ ಕಡೆಯದು.
ಮೇಲೆ ಅಪ್ಪ, ಅಂಗಾತ,
ಎದೆಯ ಮೇಲೆ ಬಿಲ್ಲು, ಮೀಸೆಯ ಮೇಲೆ ಇಬ್ಬನಿ.

ಕರೆದೆ. ಉಸಿರಾಡಲು ಮರೆತು ಕರೆದೆ.
"ಕಿರುಚಬೇಡ, ಜಿಂಕೆ ಓಡಿಹೋಗುತ್ತೆ" ಅಂದ.

ಏಣಿ ಇಟ್ಟೆ. ಅವನ ಕಾಲು ಇಳಿಯಲು ಒಪ್ಪಲಿಲ್ಲ.
ಹತ್ತಲು ಹೇಗೆ ಒಪ್ಪಿತು ಅಂತ ಕೇಳಿದರೆ
"ಅದಕ್ಕೆ ಕೇಳಲೇ ಇಲ್ಲ ನಾನು."
ಗೋರ್ಡಿಯನ್ನು ಕರೆಯಲೇ? ಬೇಡ.
ಆಂಬುಲೆನ್ಸು? ಬೇಡವೇ ಬೇಡ.

ಕೊನೆಗೆ ಪಟ್ಟಿಯ ಕೊಕ್ಕೆ ಅವನ ಬೆನ್ನಿಗೆ ಸಿಕ್ಕಿಸಿ
ಕೀಲಿ ತಿರುಗಿಸಿದೆ.
ಆಮೆಗೂ ಬೇಸರ ಬರುವಷ್ಟು ನಿಧಾನ,
ಹಿಮ್ಮುಖವಾಗಿ, ಅಂಗಳ ದಾಟಿ,
ಕೊಟ್ಟಿಗೆಯ ಹುಲ್ಲಟ್ಟದ ಬಾಗಿಲಿಗೆ.
ತಲೆಯ ಮೇಲಿನ ತಗಡಿಗೆ ಅವನು ಬಡಿದು ಹೇಳುತ್ತಿದ್ದ:
ಒಂದು ಬಡಿತ ಎಡ, ಎರಡು ಬಲ,
ಮೂರು ಬಡಿತಕ್ಕೆ ಏನೆಂದು ನಾವು ಮಾತಾಡಿಕೊಂಡಿರಲಿಲ್ಲ.
ನಿಲ್ಲಿಸಿದೆ.

ಹೊಸ್ತಿಲೂ ಹಲಗೆಯೂ ಸರಿಸಮ,
ಒಂದು ಬೆರಳು ಹೆಚ್ಚುಕಮ್ಮಿ.
ತೆವಳಿಕೊಂಡು ಹುಲ್ಲಿಗೆ ಹೋದ,
ಹಿಂದಿನ ಮಣ್ಣಿನ ಇಳಿಜಾರಿನಲ್ಲಿ
ನನ್ನ ಹೆಗಲು ಹಿಡಿದು ಇಳಿದ.
ಕಾಫಿಗೆ ಸಕ್ಕರೆ ಸಾಲದು ಅಂದ.

ಬಿಸಿಲೇರಿದ ಮೇಲೆ ಬಾಣ ಕೀಳಲು ಹೋದೆ.
ಐದೂ ಒಂದು ಮುಷ್ಟಿಯೊಳಗೆ,
ಆದರೆ ಐದೂ ಗುರಿಗಿಂತ ಒಂದು ಗೇಣು ಮೇಲೆ.
"ಸೊಂಟ ಬಾಗಿಸಲಿಲ್ಲ ನೀನು" ಅಂದೆ.
"ಇದ್ದರೆ ತಾನೆ" ಅಂದ, ಪೇಪರಿನಿಂದ ತಲೆ ಎತ್ತದೆ.
"ಆರನೆಯದು?"
"ತಪ್ಪಿತು."

ಹುಲ್ಲೆಲ್ಲ ಹುಡುಕಿದೆ, ಸೇಬಿನ ಗಿಡದ ಹಿಂದೆ,
ಬೇಲಿಯ ಆಚೆ.
ಮಧ್ಯಾಹ್ನ ಕೊಡ ಹಿಡಿದು ನಲ್ಲಿಗೆ ಹೋಗುವಾಗ ಕಂಡಿತು:
ಮೇಪಲಿನ ಕಾಂಡದಲ್ಲಿ,
ಹಳೆಯ ಅಟ್ಟಣೆಯ ಕೆಳಗೆ ಸರಿಯಾಗಿ ನಡುವೆ
ಹಳದಿ ಗರಿ.

ಅದನ್ನು ಕೀಳಬೇಕಾದರೆ
ವ್ಯಾನಿನ ಎತ್ತರ ಸಾಲದು.